ಬಿಸಿನೆಸ್ ಪಾರ್ಟ್‌ನರ್ ನಂಬಿಸಿ ಕೈಕೊಟ್ಟ. ಪೊಲೀಸ್ ದೂರಿನಲ್ಲಿ ಬಿಟ್ರೇಯಲ್, ಟ್ರೆಚರಿ, ಟ್ರೀಸನ್: ಯಾವ ಇಂಗ್ಲಿಷ್ ಪದ ಬರೆದರೆ ಗಟ್ಟಿ?

ಯಾವುದೂ ಬೇಡ ಮಾರಾಯ್ರೆ. ನಾನು ಈ ಮೂರನ್ನೂ ಬರೆದವ. ಸಾಲದ್ದಕ್ಕೆ ಡಿಕ್ಷನರಿ ನೋಡಿ ಪರ್ಫಿಡಿ ಅಂತ ಇನ್ನೊಂದನ್ನೂ ಸೇರಿಸಿದ್ದೆ.

ಮಲ್ಪೆಯಲ್ಲಿ ಗೆಳೆಯನೊಟ್ಟಿಗೆ ಮೀನಿನ ವ್ಯಾಪಾರ. ಏಲಂನಲ್ಲಿ ಬಂಗುಡೆ, ಬೂತಾಯಿ ಹಿಡಿದು ಐಸ್ ಹಾಕಿ ಟೆಂಪೋದಲ್ಲಿ ಕಳಿಸುವುದು. ಬಂದರಿನ ಕೆಲಸ ಅವನದ್ದು, ಲೆಕ್ಕ ನನ್ನದು. ವರ್ಷಗಟ್ಟಲೆ ಒಂದು ರೂಪಾಯಿ ಆಚೀಚೆ ಆದದ್ದಿಲ್ಲ. 2018ರಲ್ಲಿ ಎರಡನೇ ಟೆಂಪೋ ತಗೊಳ್ಳುವ ಅಂತ ಶೋರೂಮಿನ ಕೊಟೇಶನ್ ತಂದು ತೋರಿಸಿದ. ನನ್ನ ಸ್ವಂತ ಉಳಿತಾಯದಿಂದ 4 ಲಕ್ಷ ಕೊಟ್ಟೆ. ಟೆಂಪೋ ಬರಲೇ ಇಲ್ಲ. ಶೋರೂಮಿಗೆ ಹೋಗಿ ಕೇಳಿದರೆ ಆ ಕೊಟೇಶನ್ ಅವರದ್ದಲ್ಲ, ಸೀಲೇ ನಕಲಿ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ ಇರಬೇಕು, ಇದರಲ್ಲಿ 14. ಲೆಕ್ಕ ನೋಡುವ ನನಗೇ ಅದು ಕಂಡಿರಲಿಲ್ಲ!

ಸಿಟ್ಟಿನಲ್ಲಿ ಮೂರು ಪುಟ ಇಂಗ್ಲಿಷ್ ಬರೆದು ಠಾಣೆಗೆ ಹೋದೆ. ಅಲ್ಲಿದ್ದ ಪೊಲೀಸರು ಓದಿ, "ಟ್ರೀಸನ್ ಅಂದ್ರೆ ದೇಶದ್ರೋಹ ಅಲ್ವಾ? ಇವ್ರು ಮೀನು ಮಾರೋರಲ್ವಾ?" ಅಂದರು. ಪರ್ಫಿಡಿಯ ಕಥೆ ಇನ್ನೂ ಚಂದ. ಅದು ಯುದ್ಧದ ಕಾನೂನಿನ ಪದ, ಜಿನೀವಾ ಒಪ್ಪಂದಗಳ 1977ರ ಪ್ರೋಟೋಕಾಲ್‌ನಲ್ಲಿ ಉಂಟು: ಶರಣಾದಂತೆ ನಟಿಸಿ ಶತ್ರುವನ್ನು ಕೊಲ್ಲುವಂಥದ್ದು.

ಆದರೆ ನನ್ನನ್ನು ಮುಳುಗಿಸಿದ್ದು ಈ ದೊಡ್ಡ ಪದಗಳಲ್ಲ, ಮೊದಲ ವಾಕ್ಯ. "ಇಷ್ಟು ವರ್ಷ ಅಣ್ಣತಮ್ಮಂದಿರ ಹಾಗಿದ್ದೆವು, ಅವನು ಅಪ್ಪಟ ಪ್ರಾಮಾಣಿಕನಾಗಿದ್ದ, ಆಮೇಲೆ ದ್ರೋಹ ಬಗೆದ" ಅಂತ ಶುರು ಮಾಡಿದ್ದೆ. ದ್ರೋಹದ ಕಥೆ ಹೇಳುವಾಗ ಹಿಂದಿನ ನಂಬಿಕೆಯನ್ನು ಎತ್ತಿ ತೋರಿಸದೆ ಆಗುವುದಿಲ್ಲವಲ್ಲ. ಆದರೆ ಆಗಿನ ಐಪಿಸಿ 420ಕ್ಕೆ ಬೇಕಾದದ್ದು ಬೇರೆಯೇ: ದುಡ್ಡು ತಗೊಳ್ಳುವ ಹೊತ್ತಿಗೇ ಅವನ ಮನಸ್ಸಿನಲ್ಲಿ ಮೋಸ ಇತ್ತು ಅಂತ ತೋರಿಸಬೇಕು. ಮೊದಲು ಸರಿಯಿದ್ದು ಆಮೇಲೆ ಮನಸ್ಸು ಕೆಟ್ಟರೆ ಅದು ಚೀಟಿಂಗ್ ಆಗುವುದಿಲ್ಲ. ನನ್ನ ಹತ್ತಿರ ಆ ಸಾಕ್ಷಿ ಇತ್ತು, ಅದೇ ನಕಲಿ ಕೊಟೇಶನ್. ಅದನ್ನು ಎಲ್ಲಿ ಬರೆದಿದ್ದೆ ಗೊತ್ತಾ? ಮೂರನೇ ಪುಟದ ಕೆಳಗೆ, ಅರ್ಧ ಸಾಲು, ತಾರೀಕಿಲ್ಲ, ಪ್ರತಿ ಲಗತ್ತಿಸಿಲ್ಲ. "ಸಿವಿಲ್ ಸ್ವರೂಪದ ವ್ಯಾಜ್ಯ" ಅಂತ ಹಿಂಬರಹ ಬಂತು. ವಕೀಲರು ನೇರ ಮ್ಯಾಜಿಸ್ಟ್ರೇಟ್ ಕೋರ್ಟಿಗೇ ಖಾಸಗಿ ದೂರು ಹಾಕುವ ಅಂದರೆ, ಅವನ ಕಡೆಯವರು ನನ್ನ ಆ ಮೊದಲ ವಾಕ್ಯವನ್ನೇ ಹಿಡಿದುಕೊಂಡು ಕೂತಿದ್ದರು. ಕೊನೆಗೆ ಊರಿನ ನಾಲ್ಕು ಜನ ಕೂತು ರಾಜಿ. ಕೈಗೆ ಬಂದದ್ದು 1.5 ಲಕ್ಷ.

ಮತ್ತೆ, ಇಂಗ್ಲಿಷ್ ಯಾಕೆ? ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಠಾಣೆಗೆ ಕನ್ನಡದಲ್ಲೇ ಬರೆಯಿರಿ. ಯಾವತ್ತು, ಎಷ್ಟು, ಚೆಕ್ಕೋ ಯುಪಿಐಯೋ, ಕೊಡುವಾಗ ಅವನು ಏನು ಹೇಳಿದ, ಅದು ಸುಳ್ಳು ಅಂತ ಹೇಗೆ ಗೊತ್ತಾಯಿತು. ಬಿಟ್ರೇಯಲ್ಲನ್ನು ವಾಟ್ಸಾಪ್ ಸ್ಟೇಟಸ್‌ಗೆ ಇಟ್ಟುಕೊಳ್ಳಿ.

2024ರ ಜುಲೈ 1ರಿಂದ ನಡೆದದ್ದಾದರೆ ಐಪಿಸಿ ಅಲ್ಲ, ಭಾರತೀಯ ನ್ಯಾಯ ಸಂಹಿತೆ: ವಂಚನೆ 318, ನಂಬಿ ಒಪ್ಪಿಸಿದ್ದನ್ನು ಆಮೇಲೆ ನುಂಗುವ ನಂಬಿಕೆದ್ರೋಹ 316. ಎರಡನ್ನೂ ಒಟ್ಟಿಗೆ ಜಡಿಯುವ ಅಂತ ಆಸೆಪಡಬೇಡಿ. ಒಂದೇ ಘಟನೆಗೆ ಎರಡೂ ಸೇರಿ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಡೆಲ್ಲಿ ರೇಸ್ ಕ್ಲಬ್ ಪ್ರಕರಣದಲ್ಲಿ 2024ರಲ್ಲೇ ಹೇಳಿದೆ. ಇನ್ನು ನಿಮ್ಮದು ಬರೀ ಲಾಭ ಹಂಚಿಕೆಯ ತಕರಾರಾದರೆ ಠಾಣೆಗೆ ಅಲೆಯುವುದೇ ದಂಡ. 1932ರ ಪಾಲುದಾರಿಕೆ ಕಾಯ್ದೆಯಡಿ ಲೆಕ್ಕ ಕೇಳಿ ದಾವೆ ಹಾಕಿ. ಪಾಲುದಾರಿಕೆ ಮುರಿದ ದಿನದಿಂದ 3 ವರ್ಷದೊಳಗೆ ಹಾಕಬೇಕು. ಫರ್ಮ್ ನೋಂದಣಿ ಆಗದಿದ್ದರೆ ಕಿರಿಕಿರಿ ಹೆಚ್ಚು, ಆದರೂ ಫರ್ಮ್ ಮುಚ್ಚಿಸಿ ಲೆಕ್ಕ ಕೇಳುವ ದಾರಿ ಉಂಟು.

ನಿಮ್ಮ ಹತ್ತಿರ ನನ್ನ ಕೊಟೇಶನ್ ಥರದ್ದು ಎಂತಾದರೂ ಉಂಟಾ? ಇದ್ದರೆ ಮೊದಲ ಪ್ಯಾರಾದಲ್ಲೇ ತಾರೀಕು ಸಮೇತ ಹಾಕಿ, ಪ್ರತಿ ಲಗತ್ತಿಸಿ, ಸ್ವೀಕೃತಿ ತಗೊಳ್ಳದೆ ಠಾಣೆಯಿಂದ ಹೊರಗೆ ಬರಬೇಡಿ.