ಸಾಮಿಲ್ಲಿನ ಹಳೆಯ ಪ್ಲೇನರ್ ಕೊಂಡರೆ ಪೂರ್ತಿ ಬಿಚ್ಚಿ ಹೊಸದರಂತೆ ಮಾಡಬೇಕೇ?

ಮುಚ್ಚಿದ ಸಾಮಿಲ್ಲಿನ ಪ್ಲೇನರನ್ನು, ಅಂದರೆ ತಿರುಗುವ ಬ್ಲೇಡುಗಳಿಂದ ಮರ ಹೆರೆದು ನಯಮಾಡುವ ಯಂತ್ರವನ್ನು, ಪೂರ್ತಿ ಬಿಚ್ಚಿ, ಮೂಲ ಭಾಗಗಳನ್ನೆಲ್ಲ ಉಳಿಸಿಕೊಂಡು, ಹೊಸದರಂತೆ ಮಾಡಿ ಕೆಲಸಕ್ಕೆ ಹಚ್ಚಬೇಕೆಂಬ ಸಲಹೆಯೊಂದಿದೆ. ನಾನೂ ಹಾಗೆಯೇ ಹೊರಟಿದ್ದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯಿಂದ ತಂದ ಇಂಗ್ಲೆಂಡಿನ ಯಂತ್ರ ಅದು. ಬೀಡುಕಬ್ಬಿಣದ ಮೈ, ಚಪ್ಪಟೆ ಬೆಲ್ಟಿನ ಪುಲ್ಲಿ, ಬ್ಲೇಡುಗಳನ್ನು ತಿರುಗಿಸುವ ಶಾಫ್ಟಿನ ಎರಡೂ ತುದಿಗೆ ವೈಟ್ ಮೆಟಲ್ ಎಂಬ ಮೆತ್ತನೆಯ ಮಿಶ್ರಲೋಹ ಎರಕ ಹೊಯ್ದ ಬೇರಿಂಗು.

ಈ ಬೇರಿಂಗಿನ ಕೆಳಭಾಗ ಯಂತ್ರದ ಮೈಯಲ್ಲೇ ಇರುತ್ತದೆ; ಮೇಲೆ ಬೋಲ್ಟಿನಿಂದ ಬಿಗಿದ ಮುಚ್ಚಳ. ಎರಡರ ನಡುವೆ, ಶಾಫ್ಟಿನ ಎರಡೂ ಬದಿಗೆ, ಕಾಗದದಷ್ಟು ತೆಳುವಾದ ಹಿತ್ತಾಳೆಯ ಶಿಮ್‌ಗಳು ಒಂದರ ಮೇಲೊಂದು ಕೂತಿರುತ್ತವೆ. ಎಣ್ಣೆಯ ಪದರ ನಿಲ್ಲಲು ಬೇಕಾದ ಜಾಗ, ಸ್ಥೂಲವಾಗಿ ಶಾಫ್ಟಿನ ಒಂದು ಇಂಚು ವ್ಯಾಸಕ್ಕೆ ಇಂಚಿನ ಸಾವಿರದ ಒಂದು ಭಾಗ, ಸಿಗುವುದು ಇವುಗಳ ದಪ್ಪದಿಂದಲೇ. ಲೋಹ ಸವೆದಾಗ ಎರಡೂ ಕಡೆಯಿಂದ ಒಂದೊಂದು ಶಿಮ್ ತೆಗೆದರೆ ಮುಚ್ಚಳ ಕೆಳಗಿಳಿದು ಶಾಫ್ಟಿನ ಅಲುಗಾಟ ನಿಲ್ಲುತ್ತದೆ. ಗ್ರೀಸು, ಮರದ ಹುಡಿ ಸೇರಿ ಕಪ್ಪಗೆ ಗಟ್ಟಿಯಾಗಿದ್ದ ಅವನ್ನು ನಾನು ಕೊಳೆಯೆಂದು ಹೆರೆದು ಎಸೆದೆ, ಮುಚ್ಚಳವನ್ನು ಕಬ್ಬಿಣಕ್ಕೆ ಕಬ್ಬಿಣ ತಾಗುವಂತೆ ಬಿಗಿದೆ. ಶಾಫ್ಟು ಕೈಗೆ ಬಿಗಿಯೆನಿಸಿದರೂ ಓಡುತ್ತ ಓಡುತ್ತ ಸರಿಹೋಗುತ್ತದೆಂದು ಮೋಟರ್ ಹಾಕಿದೆ. ತವರ ಹೆಚ್ಚಿರುವ ವೈಟ್ ಮೆಟಲ್ ಸುಮಾರು 240 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ. ಎಣ್ಣೆಗೆ ಜಾಗವಿಲ್ಲದೆ ಉಜ್ಜಿ ಕಾದ ಬೇರಿಂಗಿನ ಅಂಚಿನಿಂದ ಹೊಳೆಯುವ ಹನಿಗಳು ಹೊರಬಂದವು, ಶಾಫ್ಟು ಕಚ್ಚಿಕೊಂಡಿತು.

ಮತ್ತೆ ಎರಕ ಹೊಯ್ಯುವುದು ಸಣ್ಣ ಕೆಲಸವಲ್ಲ. ಲೋಹ ಅಂಟದಂತೆ ಶಾಫ್ಟಿಗೆ ದೀಪದ ಮಸಿ ಹಿಡಿಸಿ, ಬೀಡನ್ನು ಮೊದಲೇ ಕಾಯಿಸಿ, ಒಂದೇ ಸಲಕ್ಕೆ ಹೊಯ್ಯಬೇಕು. ತೇವ ಉಳಿದಿದ್ದರೆ ಕರಗಿದ ಲೋಹ ಮುಖಕ್ಕೆ ಸಿಡಿಯುತ್ತದೆ. ಬಳಿಕ ಶಾಫ್ಟಿಗೆ ಗುರುತು ಮೂಡಿಸುವ ನೀಲಿ ಬಣ್ಣ ಹಚ್ಚಿ ತಿರುಗಿಸಿ, ನೀಲಿ ತಾಗಿದ ಉಬ್ಬುಗಳನ್ನಷ್ಟೇ ಹೆರೆಯುತ್ತ ಕೂರಿಸಬೇಕು. ಇದನ್ನು ಬಲ್ಲ ಹಿರಿಯ ಮೇಸ್ತ್ರಿಯೊಬ್ಬರನ್ನು ಹುಡುಕಿ ಮಾಡಿಸಿದ ಖರ್ಚು ಯಂತ್ರದ ಬೆಲೆಯನ್ನೇ ಮೀರಿತು.

ಆದ್ದರಿಂದ, ದುಡಿಯಬೇಕಾದ ಯಂತ್ರವನ್ನು ಹೊಸದರಂತೆ ಮಾಡುವ ಗುರಿಯನ್ನೇ ನಾನು ಒಪ್ಪುವುದಿಲ್ಲ. ಮರ ಹಾಯುವ ಟೇಬಲ್ಲುಗಳ ಮೇಲೆ ಉದ್ದನೆಯ ನೇರ ಪಟ್ಟಿಯಿಟ್ಟು ಮಟ್ಟವಾಗಿವೆಯೇ ನೋಡಿ. ಎಣ್ಣೆ ಬಿಟ್ಟು, ಬ್ಲೇಡುಗಳಿಂದ ಕೈ ದೂರವಿಟ್ಟು, ಪುಲ್ಲಿ ಹಿಡಿದು ತಿರುಗಿಸಿ. ಶಾಫ್ಟು ಅಲುಗದೆ ಸಲೀಸಾಗಿ ತಿರುಗಿದರೆ ಬೇರಿಂಗನ್ನು ಮುಟ್ಟಬೇಡಿ. ಬಿಚ್ಚಲೇಬೇಕಾಗಿ ಬಂದರೆ ಪ್ರತಿ ಬದಿಯ ಶಿಮ್‌ಗಳನ್ನು ಬೇರೆಬೇರೆ ಲಕೋಟೆಯಲ್ಲಿಟ್ಟು ಯಾವ ಕಡೆಯವೆಂದು ಬರೆದಿಡಿ.

ಮೂಲ ಭಾಗಗಳಲ್ಲಿಯೂ ಒಂದನ್ನು ಮಾತ್ರ ಉಳಿಸಿಕೊಳ್ಳಲೇಬಾರದು. ಬ್ಲೇಡು ಕೂರುವ ಬ್ಲಾಕು ಚೌಕವಾಗಿದ್ದರೆ ಅದರಲ್ಲಿ ಒಂದು ಹಲಗೆಯನ್ನೂ ಹಾಯಿಸಬೇಡಿ. ಅದರ ಚಪ್ಪಟೆ ಮುಖಕ್ಕೂ ಟೇಬಲ್ಲಿನ ಅಂಚಿಗೂ ನಡುವೆ ದೊಡ್ಡ ಸಂದು ಬಿಡುವುದರಿಂದ ಜಾರಿದ ಕೈ ಆಳಕ್ಕೆ ಸಿಕ್ಕಿಬೀಳುತ್ತದೆ. ದುಂಡು ಬ್ಲಾಕಿನಲ್ಲಿ ಆ ಸಂದು ಚಿಕ್ಕದು. ಬ್ರಿಟನ್ನಿನ 1922ರ ನಿಯಮಗಳೇ ಕೈಯಿಂದ ಮರ ತಳ್ಳುವ ಪ್ಲೇನರುಗಳಿಗೆ ದುಂಡು ಬ್ಲಾಕನ್ನು ಕಡ್ಡಾಯಗೊಳಿಸಿದ್ದವು. ಬಣ್ಣಕ್ಕೆಂದು ಎತ್ತಿಟ್ಟ ಹಣದಲ್ಲಿ ಮೊದಲು ದುಂಡು ಬ್ಲಾಕು ಮಾಡಿಸಿ, ಅದನ್ನು ಬ್ಯಾಲೆನ್ಸ್ ಮಾಡಿಸಿ, ಮೇಲೆ ಗಾರ್ಡ್ ಹಾಕಿಸಿ.