ಲೈಟನ್ನು 'ಓಪನ್' ಮಾಡುವವರಿಗೆ

ಪ್ರಶ್ನೆ: ಸಂಜೆ ಐದೂವರೆಗೆ ಆನ್‌ಲೈನಿನಲ್ಲಿ ಚೀನಾದ ಕೆಲವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅಲ್ಲಿ ಆಗ ರಾತ್ರಿ ಎಂಟು. ಎಲ್ಲರೂ ಆಫೀಸಿಗೆ ಹೋಗುವವರು, ಜಾಣರು. ಆದರೂ 'ಓಪನ್ ದ ಲೈಟ್', 'ಕ್ಲೋಸ್ ದ ಟಿವಿ' ಅನ್ನುವುದು ಬಿಡುವುದಿಲ್ಲ. ಎಷ್ಟು ತಿದ್ದಿದರೂ ಅಷ್ಟೇ. ಏನು ಮಾಡಲಿ ಟೀಚರೇ?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ನಮ್ಮ ಉಡುಪಿಯ ಮಕ್ಕಳು 'ಪುಟ್ ದ ಫ್ಯಾನ್' ಅನ್ನುವುದನ್ನು ನೀವೂ ಕೇಳಿರುತ್ತೀರಿ. ಕನ್ನಡದಲ್ಲಿ ಫ್ಯಾನ್ ಹಾಕುತ್ತೇವೆ, ತುಳುವಿನಲ್ಲೂ 'ಪಾಡು'ವುದೇ. ಮತ್ತೆ ಬಾಯಿಗೆ 'ಪುಟ್' ಬಾರದೆ ಇನ್ನೇನು ಬರುತ್ತದೆ? ನಿಮ್ಮ ಶಿಷ್ಯರದ್ದೂ ಅದೇ ಕತೆ. ಚೀನೀ ಭಾಷೆಯಲ್ಲಿ 'ಖಾಯ್' ಅಂದರೆ ತೆರೆ. ಬಾಗಿಲಿಗೂ ಖಾಯ್, ಲೈಟಿಗೂ ಖಾಯ್. ಕಾರು ಓಡಿಸುವುದು, ಮೀಟಿಂಗ್ ನಡೆಸುವುದು, ಡಾಕ್ಟರು ಮದ್ದು ಬರೆದುಕೊಡುವುದು, ಎಲ್ಲಕ್ಕೂ ಅದೇ. ನೀರು ಕುದಿಯಿತು ಅನ್ನಲಿಕ್ಕೂ ಖಾಯ್! (ನಮ್ಮ ನೀರು 'ಕಾಯು'ವುದಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ, ಸುಮ್ನೆ ಹುಡುಕಬೇಡಿ.)

ಹಾಗಾಗಿ ಡಿಕ್ಷನರಿಯ ಅರ್ಥಗಳ ಪಟ್ಟಿ ಕೊಟ್ಟು ಪ್ರಯೋಜನವಿಲ್ಲ. ಒಂದು ಪ್ರಶ್ನೆ ಕೇಳಿಕೊಳ್ಳಲು ಕಲಿಸಿ: ಮುಚ್ಚಿದ್ದು ಸರಿದು ಒಳಗಿನದ್ದು ಸಿಗುತ್ತದಾ? ಬಾಗಿಲು, ಡಬ್ಬ, ಪುಸ್ತಕ, ಕಣ್ಣು, ಅಂಗಡಿ ಎಲ್ಲ 'ಓಪನ್'. ಕರೆಂಟೋ ನೀರೋ ಗ್ಯಾಸೋ ಹರಿಯಲು ಶುರುವಾದರೆ 'ಟರ್ನ್ ಆನ್'. ನಲ್ಲಿಯೂ ಈ ಗುಂಪಿನದ್ದೇ. ಕಂಪ್ಯೂಟರ್ ಮಾತ್ರ ತಮಾಷೆ. ಫೈಲನ್ನು ಓಪನ್ ಮಾಡಬಹುದು. ಕಂಪ್ಯೂಟರನ್ನೇ ಓಪನ್ ಮಾಡಿದೆ ಅಂದರೆ ಸ್ಕ್ರೂ ಬಿಚ್ಚಿದಿರಿ ಎಂದು ಅರ್ಥ. 'ಇಟ್' ಬಂದರೆ ನಡುವೆ ಕೂರಬೇಕು: 'ಟರ್ನ್ ಇಟ್ ಆನ್'.

ನನ್ನ ಕೇಳಿದರೆ ಲೈಟಿನ ತಪ್ಪು ದೊಡ್ಡದಲ್ಲ. ಕೇಳಿದವರಿಗೆ ಅರ್ಥವಾಗುತ್ತದೆ. ಜಾಸ್ತಿ ತೊಂದರೆ ಕೊಡುವುದು 'ದ ಶಾಪ್ ಈಸ್ ಓಪನ್ಡ್'. ಅದಕ್ಕೆ ಇಂಗ್ಲಿಷೇ ಕಾರಣ. ಮುಚ್ಚಿದ್ದರೆ 'ಈಸ್ ಕ್ಲೋಸ್ಡ್' ಅಂತೆ, ತೆರೆದಿದ್ದರೆ ಬರೇ 'ಈಸ್ ಓಪನ್' ಅಂತೆ! ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದೇ ಇಲ್ಲ. ಅಂಥವರು ಕಷ್ಟಪಟ್ಟು ಬಾಲ ಸೇರಿಸಲು ಕಲಿತ ಮೇಲೆ, ಇಲ್ಲಿ ಬೇಡ ಅಂದರೆ ಸಿಟ್ಟು ಬರುವುದಿಲ್ವಾ? ದಿನಾ ತೆರೆಯುವ ಹೊತ್ತು ಹೇಳುವಾಗ 'ಓಪನ್ಸ್ ಅಟ್ ನೈನ್', ಈಗ ತೆರೆದಿದೆಯಾ ಅಂದರೆ 'ಈಸ್ ಓಪನ್'. ಇವೆರಡನ್ನೇ ಒಂದು ವಾರ ಹಿಡಿಯಿರಿ. ಬೆಳಿಗ್ಗೆ ಬೇಗ ನಿಮ್ಮ ಮಾರುಕಟ್ಟೆಗೆ ಹೋಗಿ, ಅರ್ಧ ಶಟರ್ ಎತ್ತಿದ ಅಂಗಡಿಗಳ ಫೋಟೋ ತೆಗೆದು ಕ್ಲಾಸಿನಲ್ಲಿ ತೋರಿಸಿ. ಯಾವುದು 'ಓಪನ್', ಯಾವುದು 'ಕ್ಲೋಸ್ಡ್' ಅಂತ ಅವರವರೇ ಜಗಳ ಆಡಲಿ.