ಚೀನಾದ ಶಿಆನ್‌ನಲ್ಲಿ ಒಂದೇ ದಿನ ಇದ್ದರೆ ಮಣ್ಣಿನ ಸೈನಿಕರನ್ನು ಬಿಡಿ

ಬೆಳಿಗ್ಗೆ ಟೆರಾಕೋಟಾ ಸೈನಿಕರು (ಚೀನಾದ ಮೊದಲ ಸಾಮ್ರಾಟನ ಸಮಾಧಿಗೆ ಕಾವಲಾಗಿ ಹೂತಿಟ್ಟ ಮಣ್ಣಿನ ಮೂರ್ತಿಗಳು), ಮಧ್ಯಾಹ್ನ ಕೋಟೆ ಗೋಡೆ ಮತ್ತು ಹೆಬ್ಬಾತು ಗೋಪುರ, ರಾತ್ರಿ ಮುಸ್ಲಿಂ ಬೀದಿಯ ತಿಂಡಿ. ಜೊತೆಗೆ ಅಮ್ಮ, ಅವರು ಸಸ್ಯಾಹಾರಿ. ಟ್ಯಾಕ್ಸಿ ಮಾಡಿಕೊಂಡರೆ ಒಂದೇ ದಿನದಲ್ಲಿ ಆಗುತ್ತಾ ಅಂತ ಕೇಳಿದ್ದೀರಿ. 2024ರ ಅಕ್ಟೋಬರ್ ಕೊನೆಯಲ್ಲಿ ನನ್ನ ಜೇಬಿನಲ್ಲಿದ್ದ ಚೀಟಿಯಲ್ಲೂ ಇದೇ ಪಟ್ಟಿ, ಇದೇ ಕ್ರಮದಲ್ಲಿ ಇತ್ತು. ನಿಮ್ಮ ಅಮ್ಮನ ಜಾಗದಲ್ಲಿ ನಮ್ಮಪ್ಪ ಇದ್ದರು, ಅಷ್ಟೇ.

ಅಪ್ಪ ಬಾಗಲಕೋಟೆ ಕಡೆ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ನಾನು ಕಂಪನಿ ಕೆಲಸದ ಮೇಲೆ ಒಂದು ತಿಂಗಳು ಶಾಂಘೈನಲ್ಲಿದ್ದೆ, ಕೊನೆಯ ವಾರಕ್ಕೆ ಅವರನ್ನು ಕರೆಸಿಕೊಂಡೆ. ಏನು ನೋಡಬೇಕು ಅಂತ ಕೇಳಿದರೆ ಅವರು ಹೇಳಿದ್ದು ಒಂದೇ: ಹ್ಯೂಯೆನ್ ತ್ಸಾಂಗ್‌ನ ಗೋಪುರ, ಅಂದರೆ ಪಟ್ಟಿಯಲ್ಲಿರುವ ಆ ಹೆಬ್ಬಾತು ಗೋಪುರವೇ. ನಮ್ಮಲ್ಲಿ ಶಾಲೆಗೆ ಹೋದವರಿಗೆಲ್ಲ ಆ ಹೆಸರು ಗೊತ್ತು, ಅಲ್ವಾ? ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು, ಅಲ್ಲಿಯವರು ಯುದ್ಧಕ್ಕೆ ಮುಂಚೆ ಆನೆಗಳಿಗೆ ಹೆಂಡ ಕುಡಿಸುತ್ತಾರೆ ಅಂತ ಬರೆದಿಟ್ಟ ಚೀನಾದ ಯಾತ್ರಿಕ. ಅವನು 645ರಲ್ಲಿ ವಾಪಸ್ ಬಂದದ್ದು ಇದೇ ಊರಿಗೆ, ಆಗ ಇದರ ಹೆಸರು ಚಾಂಗ್‌ಆನ್. ಭಾರತದಿಂದ 657 ಗ್ರಂಥಗಳನ್ನು ಹೊತ್ತು ತಂದ, ಅವನ್ನು ಇಡುವುದಕ್ಕೆ ಅಂತ 652ರಲ್ಲಿ ಆ ಗೋಪುರ ಕಟ್ಟಿದರು. ಅಪ್ಪ ವರ್ಷಾವರ್ಷ ಮಕ್ಕಳಿಗೆ ಇದನ್ನು ಹೇಳಿದ್ದಾರೆ, ಆದರೆ ನೋಡಿರಲಿಲ್ಲ. ನಾನೇನು ಮಾಡಿದೆ, ಗೋಪುರ ಊರೊಳಗೇ ಇದೆಯಲ್ಲ, ಸಂಜೆಗೆ ಇಟ್ಟುಕೊಂಡರೆ ಆಯ್ತು ಅಂದುಕೊಂಡು ಸೈನಿಕರನ್ನು ಮೊದಲಿಗೆ ಹಾಕಿದೆ.

ಈಗ ಪಾಸ್‌ಪೋರ್ಟ್ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ತಾಳ್ಮೆಯಿಂದ ಓದಿ. ಹಿಂದಿನ ರಾತ್ರಿ ರೈಲಿನಲ್ಲಿ ಬಂದಿದ್ದೆವು. ಸ್ಟೇಷನ್ನಿನಲ್ಲಿ ಪಾಸ್‌ಪೋರ್ಟ್ ತೋರಿಸಿದೆ, ಹೋಟೆಲಿನಲ್ಲಿ ತೋರಿಸಿದೆ. ಆಮೇಲೆ ಎರಡನ್ನೂ ರೂಮಿನ ಲಾಕರಿನಲ್ಲಿಟ್ಟು ಬೀಗ ಹಾಕಿದೆ. ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದರೆ ಕಥೆ ಮುಗಿಯಿತು, ಬೀದಿಗೆ ತೆಗೆದುಕೊಂಡು ಹೋಗಬಾರದು ಅಂತ ಮನೆಯಲ್ಲಿ ಎಲ್ಲರೂ ಹೇಳಿ ಕಳಿಸಿದ್ದರು, ನನಗೂ ಅದೇ ಸರಿ ಅನ್ನಿಸಿತ್ತು. ಫೋನಿನಲ್ಲಿ ಫೋಟೊ ಇತ್ತು, ಜೇಬಿನಲ್ಲಿ ಜೆರಾಕ್ಸ್ ಇತ್ತು, ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆದಾಗಿತ್ತು. ಇನ್ನೇನು ಬೇಕು? ಆದರೆ ಆ ಟಿಕೆಟ್ ಅಂದರೆ ಕ್ಯೂಆರ್ ಕೋಡ್ ಇರುವ ಚೀಟಿ ಅಲ್ಲ. ನೀವು ಬುಕ್ ಮಾಡುವಾಗ ಕೊಟ್ಟ ಪಾಸ್‌ಪೋರ್ಟ್ ನಂಬರೇ ಟಿಕೆಟ್. ಚೀನಾದವರು ಗೇಟಿನಲ್ಲಿ ತಮ್ಮ ಗುರುತಿನ ಚೀಟಿ ಇಟ್ಟು ಒಳಗೆ ಹೋಗುತ್ತಾರೆ, ನಾವು ಪಾಸ್‌ಪೋರ್ಟ್ ಕೊಡಬೇಕು. ಮೂಲ ಪುಸ್ತಕವೇ ಬೇಕು. ಬುಕ್ ಮಾಡುವಾಗ ನಂಬರ್ ಟೈಪ್ ಮಾಡಿದವನು ನಾನೇ, ಆಗಲೇ ಹೊಳೆಯಬೇಕಿತ್ತು. ರೈಲಿಗೆ ಬೇಕಾದದ್ದು ಮ್ಯೂಸಿಯಂಗೂ ಬೇಕಾಗಬಹುದು ಅಂತ ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು.

ಸೈನಿಕರಿರುವುದು ಊರಲ್ಲಿ ಅಲ್ಲ, ಪೂರ್ವಕ್ಕೆ ಸುಮಾರು 40 ಕಿ.ಮೀ. ದೂರದ ಲಿಂಟಾಂಗ್‌ನಲ್ಲಿ. ನಾವು ಊರ ನಡುವಿನ ಗಂಟೆ ಗೋಪುರದ ಹತ್ತಿರ ಉಳಿದಿದ್ದೆವು. ಮೆಟ್ರೊ ಎರಡನೇ ಲೈನ್, ಅಲ್ಲಿಂದ ಒಂದನೇ ಲೈನ್, ಆಮೇಲೆ ಒಂಬತ್ತನೇ ಲೈನಿನಲ್ಲಿ ಹ್ವಾಚಿಂಗ್ ಛಿ ಸ್ಟೇಷನ್, ಇಳಿದು ಬಸ್ಸು. ಹತ್ತಿರ ಹತ್ತಿರ ಎರಡು ಗಂಟೆ. ಗೇಟಿನಲ್ಲಿ ನಿಂತ ಹುಡುಗಿ ಫೋನಿನ ಫೋಟೊ ನೋಡಿ ತಲೆ ಅಲ್ಲಾಡಿಸಿದಳು, ಜೆರಾಕ್ಸ್ ನೋಡಿ ಮತ್ತೆ ತಲೆ ಅಲ್ಲಾಡಿಸಿದಳು. ಅವಳದೇನೂ ತಪ್ಪಿಲ್ಲ. ಆಗ ನಾನು ಅಲ್ಲಿಂದ ನೇರ ಹೆಬ್ಬಾತು ಗೋಪುರಕ್ಕೆ ಹೋಗಿದ್ದರೆ ಈ ಉತ್ತರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ತಲಾ 120 ಯುವಾನ್ ಕೊಟ್ಟಿದ್ದೇನೆ, ಸುಮ್ನೆ ಬಿಡೋಕಾಗುತ್ತಾ ಅಂದುಕೊಂಡು ಅಪ್ಪನನ್ನು ಅಲ್ಲೇ ಒಂದು ಅಂಗಡಿ ಮುಂದೆ ಕೂರಿಸಿ, ಟ್ಯಾಕ್ಸಿ ಹಿಡಿದು ಹೋಟೆಲಿಗೆ ಹೋಗಿ, ಲಾಕರ್ ತೆಗೆದು, ಅದೇ ಟ್ಯಾಕ್ಸಿಯಲ್ಲಿ ವಾಪಸ್ ಬಂದೆ. ಟ್ಯಾಕ್ಸಿಗೆ ಕೊಟ್ಟದ್ದು ಎರಡು ಟಿಕೆಟ್‌ಗಿಂತ ಜಾಸ್ತಿ. ಭಾಷೆ ಬಾರದ ಊರಿನಲ್ಲಿ ಅಪ್ಪ ಒಬ್ಬರೇ, ಫೋನಿನಲ್ಲಿ ನೆಟ್ ಕೂಡ ಇಲ್ಲದೆ, ಎರಡು ಗಂಟೆಗೂ ಹೆಚ್ಚು ಕೂತಿದ್ದರು. ನಾನು ಬಂದಾಗ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಒಳಗೆ ಬಿಟ್ಟರು. ಮೊದಲನೇ ಗುಂಡಿ 230 ಮೀಟರ್ ಉದ್ದ, ಮೇಲೆ ದೊಡ್ಡ ಚಾವಣಿ, ಕೆಳಗೆ ಸಾಲು ಸಾಲು ಸೈನಿಕರು. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕಿದ್ದು. ದೊಡ್ಡ ವಿಷಯವೇ, ಇಲ್ಲ ಅನ್ನುವುದಿಲ್ಲ. ಆದರೆ ಮಧ್ಯಾಹ್ನ ಎರಡರ ಹೊತ್ತಿಗೆ ಕಂಬಿಯ ಪಕ್ಕ ನಾಲ್ಕು ಸಾಲು ಜನ, ಎಲ್ಲರ ಕೈಯೂ ಮೇಲೆ, ಕೈಯಲ್ಲಿ ಫೋನು. ಅಪ್ಪನ ಎತ್ತರಕ್ಕೆ ಕಂಡದ್ದು ಬೇರೆಯವರ ಫೋನಿನ ಪರದೆಯಲ್ಲಿ ಬಂದ ಸೈನಿಕರು. ಗುಂಡಿಯ ಹಿಂದಿನ ಭಾಗದಲ್ಲಿ ಒಡೆದ ಮೂರ್ತಿಗಳನ್ನು ಚೂರು ಚೂರು ಸೇರಿಸಿ ನಿಲ್ಲಿಸುವ ಜಾಗ ಇದೆ, ಅಲ್ಲಿ ಜನ ಕಡಿಮೆ. ಅಲ್ಲಿ ಮಾತ್ರ ಅವರು ನೆಮ್ಮದಿಯಾಗಿ ನಿಂತು ನೋಡಿದರು.

ಗೋಪುರಕ್ಕೆ ಬಂದಾಗ ಟಿಕೆಟ್ ಕೊಡುವುದು ನಿಂತಿತ್ತು. 64 ಮೀಟರ್ ಎತ್ತರದ ಇಟ್ಟಿಗೆ ಗೋಪುರ, ಮರಗಳ ಮೇಲೆ ಏಳೂ ಅಂತಸ್ತು ಕಾಣುತ್ತಿತ್ತು, ಗೇಟು ಮುಚ್ಚಿತ್ತು. ದಕ್ಷಿಣದ ಬಯಲಿನಲ್ಲಿ ಹ್ಯೂಯೆನ್ ತ್ಸಾಂಗ್‌ನ ಕಂಚಿನ ಪ್ರತಿಮೆ ಇದೆ. ಅಪ್ಪ ಚಪ್ಪಲಿ ಬಿಟ್ಟು ಅದರ ಮುಂದೆ ನಿಂತರು. "ನಮ್ಮ ಪುಲಕೇಶಿ ಬಗ್ಗೆ ಬರದವ್ರು ಇವರ ನೋಡಪಾ" ಅಂದರು. ನನಗೆ ಮುಖ ಎತ್ತಿ ನೋಡಲು ಆಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಆರೂವರೆಗೇ ನಮ್ಮ ರೈಲು.

ಹಾಗಾಗಿ ನನ್ನ ಉತ್ತರ: ಟ್ಯಾಕ್ಸಿ ಮಾಡಿದರೆ ಆಗುತ್ತಾ ಅನ್ನುವುದು ಪ್ರಶ್ನೆಯೇ ಅಲ್ಲ. ಪಾಸ್‌ಪೋರ್ಟ್ ಸರಿಯಿದ್ದರೆ ಎಲ್ಲ ಜಾಗಕ್ಕೂ ಹೋಗಿ ಬರಬಹುದು, ಫೋಟೊನೂ ಸಿಗುತ್ತದೆ. ಆದರೆ ಅಮ್ಮನಿಗೆ ಯಾವುದೂ ನೋಡಿದ ಹಾಗೆ ಆಗುವುದಿಲ್ಲ. ಒಂದೇ ದಿನ ಇದ್ದರೆ ಊರು ಬಿಟ್ಟು ಆಚೆ ಹೋಗಬೇಡಿ. ಸೈನಿಕರಿಗೆ ಬೇಕಾದದ್ದು ಪ್ರತ್ಯೇಕ ಒಂದು ದಿನ, ಇಲ್ಲದಿದ್ದರೆ ಬೇಡವೇ ಬೇಡ. "ಶಿಆನ್‌ಗೆ ಹೋಗಿ ಅದನ್ನೇ ನೋಡಲಿಲ್ವಾ" ಅಂತ ನಾಲ್ಕು ಜನ ಕೇಳುತ್ತಾರೆ, ಕೇಳಲಿ. ಬಾಗಿಲು ತೆಗೆಯುವ ಹೊತ್ತಿಗೆ ಗೋಪುರಕ್ಕೆ ಹೋಗಿ. ಆಮೇಲೆ ದಕ್ಷಿಣ ಬಾಗಿಲಿನಿಂದ ಕೋಟೆ ಗೋಡೆ ಹತ್ತಿ. ಮಿಂಗ್ ರಾಜವಂಶದ ಕಾಲದ್ದು, ಪೂರ್ತಿ ಸುತ್ತು ಸುಮಾರು 14 ಕಿ.ಮೀ., ಮೇಲೆ ಬಾಡಿಗೆ ಸೈಕಲ್ ಸಿಗುತ್ತದೆ. ನಾವು ಅದನ್ನೂ ಹತ್ತಲಿಲ್ಲ, ಟ್ಯಾಕ್ಸಿ ಕಿಟಕಿಯಿಂದ ನೋಡಿದ್ದಷ್ಟೇ.

ಊಟದ ಬಗ್ಗೆ ಭಯ ಬೇಡ. ಆ ದಿನ ನಮ್ಮ ಕೈ ಹಿಡಿದದ್ದು ಊಟವೇ. ಮುಸ್ಲಿಂ ಬೀದಿ ನಗಾರಿ ಗೋಪುರದ ಹಿಂದೆ ಶುರುವಾಗುತ್ತದೆ. ದೊಡ್ಡ ಬೀದಿಯಲ್ಲಿ ನಿಲ್ಲಬೇಡಿ, ದಾಪಿಯುವಾನ್ ಅಂತ ಪಕ್ಕದ ಗಲ್ಲಿ ಇದೆ, ಅಲ್ಲಿಗೆ ಹೋಗಿ. ಅಲ್ಲಿ ಹುಯಿ ಅನ್ನುವ ಚೀನಾದ ಮುಸ್ಲಿಂ ಸಮುದಾಯದವರ ಅಂಗಡಿಗಳು, ಹಂದಿ ಮಾಂಸ ಇಲ್ಲ, ಹಂದಿ ಕೊಬ್ಬೂ ಇಲ್ಲ. ಕುರಿ, ದನದ ಮಾಂಸ ಮಾತ್ರ ಹೆಜ್ಜೆ ಹೆಜ್ಜೆಗೂ ಇರುತ್ತದೆ, ಅಮ್ಮನಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. "ವೊ ಛಿ ಸು" ಅಂದರೆ ನಾನು ಸಸ್ಯಾಹಾರಿ. ಬಾಯಲ್ಲಿ ಹೇಳಿದರೆ ಸಾಲದು, ಮಾಂಸ ಬೇಡ, ಮಾಂಸದ ಸಾರೂ ಬೇಡ ಅಂತ ಚೀನಿ ಅಕ್ಷರದಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಳ್ಳಿ. ಅಪ್ಪ ತಿಂದದ್ದು ಲಿಯಾಂಗ್‌ಪಿ, ಹಿಟ್ಟಿನ ತೆಳುವಾದ ತಣ್ಣನೆ ಪಟ್ಟಿಗಳಿಗೆ ವಿನಿಗರ್, ಎಳ್ಳಿನ ಗೊಜ್ಜು, ಮೆಣಸಿನ ಎಣ್ಣೆ, ಸೌತೆಕಾಯಿ ಹಾಕಿ ಕೊಡುತ್ತಾರೆ. ಆಮೇಲೆ ಅಂಟಕ್ಕಿ, ಕೆಂಪು ಖರ್ಜೂರದಂಥ ಹಣ್ಣು, ಕಾಳು ಸೇರಿಸಿ ಹಬೆಯಲ್ಲಿ ಬೇಯಿಸಿದ ಜೆಂಗ್‌ಗಾವ್. ಒಂದು ಲೋಟ ದಾಳಿಂಬೆ ರಸ, ಅಕ್ಟೋಬರಿನಲ್ಲಿ ಅದನ್ನು ಬಿಡಲೇಬೇಡಿ.

ನಾನು ಮಾಂಸ ತಿನ್ನುತ್ತೇನೆ, ಪಾವ್‌ಮೊ ಹೇಳಿದೆ. ಅದರಲ್ಲಿ ಗಟ್ಟಿ ರೊಟ್ಟಿಯನ್ನು ನಾವೇ ಕಾಳಿನಷ್ಟು ಸಣ್ಣಗೆ ಚಿವುಟಿ ಬಟ್ಟಲು ತುಂಬಿ ಕೊಡಬೇಕು, ಅವರು ಕುರಿ ಸಾರಿನಲ್ಲಿ ಬೇಯಿಸಿ ತರುತ್ತಾರೆ. ನನ್ನ ಕೈ ನಿಧಾನ. ಅಪ್ಪ ಬಟ್ಟಲು ಎಳೆದುಕೊಂಡು, "ನಮ್ಮ ಕಟಕ ರೊಟ್ಟಿ ಮುರದಂಗ ಐತಲ್ಲೋ" ಅಂತ ಎರಡು ರೊಟ್ಟಿ ಚಿವುಟಿ ಕೊಟ್ಟರು. ಮೂರನೆಯದನ್ನು ಒಣದೇ ಇಟ್ಟುಕೊಂಡು, ಜೊತೆಗೆ ಕೊಟ್ಟ ಸಿಹಿ ಬೆಳ್ಳುಳ್ಳಿ ಉಪ್ಪಿನಕಾಯಿ, ಕೆಂಪು ಚಟ್ನಿ ಹಚ್ಚಿ ತಿಂದರು. ಬೆಳಗಿನಿಂದ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು.

ದುಡ್ಡಿಗೆ ಅಲಿಪೇ ಅನ್ನುವ ಫೋನ್ ಪಾವತಿ ಆ್ಯಪ್ ಹಾಕಿಕೊಂಡು ಕಾರ್ಡ್ ಜೋಡಿಸುವ ಕೆಲಸ ಹೊರಡುವ ಮುಂಚೆ ಮನೆಯಲ್ಲೇ ಮುಗಿಸಿ. ಅಮ್ಮನ ಫೋನಿಗೂ ರೋಮಿಂಗ್ ಹಾಕಿಸಿ. ಇಬ್ಬರ ಪಾಸ್‌ಪೋರ್ಟೂ ನಿಮ್ಮ ಮೈಮೇಲೆ, ಅಂಗಿಯೊಳಗಿನ ಚೀಲದಲ್ಲಿ ಇರಲಿ. ಯಾವ ತಿಂಗಳು ಹೋಗುತ್ತೀರಿ ಅಂತ ಬರೆದಿಲ್ಲ. ಅಕ್ಟೋಬರ್ ಮೊದಲ ವಾರ ಆದರೆ ಚೀನಾದಲ್ಲಿ ರಾಷ್ಟ್ರೀಯ ರಜೆ, ಊರಿಗೆ ಊರೇ ಪ್ರವಾಸಕ್ಕೆ ಹೊರಟಿರುತ್ತದೆ, ದಿನಾಂಕ ಬದಲಿಸಿಬಿಡಿ.